ಕರಿಮಣಿ ತೆಗೆದರೆ ಮಾತ್ರ ದೇವರ ಮನೆಯಲ್ಲಿ ಜಾಗವೇ?

ಪ್ರಶ್ನೆ: ನಮ್ಮದು ಕುಂಬಳೆ ಹತ್ತಿರದ ಹಳ್ಳಿ. ನಾನು ಹುಟ್ಟಿದ್ದು ಕ್ಯಾಥೊಲಿಕ್ ಮನೆಯಲ್ಲಿ. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಮಾಧ್ಯಮದಲ್ಲಿ. ಎರಡೂವರೆ ವರ್ಷದ ಹಿಂದೆ ಮದುವೆಯಾಯಿತು. ಗಂಡನ ಮನೆಯವರು ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಾರೆ. ಅಲ್ಲಿನ ಹಿರಿಯರು ನನ್ನ ಕರಿಮಣಿ, ಬೆಂಡೋಲೆ ತೆಗೆಸಿದರು. ಹೂ ಮುಡಿಯಬಾರದು. ಪಕ್ಕದ ಮನೆಯ ಅಕ್ಕ ನಾಗರಪಂಚಮಿಗೆ ಕಳಿಸುವ ಅರಿಶಿಣ ಎಲೆಯ ಗಟ್ಟಿ ತಿನ್ನಬಾರದು. ಕಳೆದ ವರ್ಷ ಮೂರನೇ ತಿಂಗಳಲ್ಲಿ ನನಗೆ ಗರ್ಭ ನಿಲ್ಲಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಚಿಕ್ಕಮ್ಮನ ಮಗಳ ಮದುವೆಯಲ್ಲಿ ಮಲ್ಲಿಗೆ ಮುಡಿದಿದ್ದೆ. ‘ಅದರ ಫಲವೇ ಇದು’ ಎಂದು ಕೂಟದಲ್ಲಿ ಒಬ್ಬರು ಹೇಳಿದರು. ನನ್ನ ಅಮ್ಮ ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಮಾಂಸ ಮುಟ್ಟುವುದಿಲ್ಲ. ‘ಅವರದ್ದು ಬರೀ ಆಚಾರ, ನಂಬಿಕೆ ಇಲ್ಲ’ ಎನ್ನುತ್ತಾರೆ ಇವರು. ನಂಬಿಕೆಯಿಂದಲೇ ರಕ್ಷಣೆ ಅಂದರೆ ಇಷ್ಟೊಂದು ನಿಯಮ ಯಾಕೆ? ನಿಯಮವೇ ಬೇಡ ಅಂದರೆ ಬದುಕುವುದು ಹೇಗೆ? ನಾನು ದೇವರಿಂದ ದೂರ ಹೋಗಿದ್ದೇನಾ?

ಉತ್ತರ: ತಂಗಿ, ಮೊದಲು ಮಗುವಿನ ವಿಷಯ. ಉಳಿದದ್ದು ಆಮೇಲೆ.

ನಿಮ್ಮ ಗರ್ಭ ನಿಲ್ಲದೇ ಹೋದದ್ದಕ್ಕೂ ನೀವು ಮುಡಿದ ಮಲ್ಲಿಗೆಗೂ ಯಾವ ಸಂಬಂಧವೂ ಇಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್‌ಗಳಲ್ಲಿ ಆಗುವ ಏರುಪೇರು. ತಾಯಿ ತಲೆಗೆ ಏನು ಮುಡಿದಳು ಎಂಬುದು ಅಲ್ಲಿಗೆ ಮುಟ್ಟುವುದೇ ಇಲ್ಲ. ಇದು ಡಾಕ್ಟರರು ಹೇಳುವ ಮಾತು. ಇನ್ನು ಬೈಬಲ್ ಹೇಳುವ ಮಾತು. ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು ಯೇಸುಸ್ವಾಮಿಯನ್ನು ಕೇಳಿದರು: ಪಾಪ ಮಾಡಿದ್ದು ಯಾರು, ಇವನೋ, ಇವನ ಅಪ್ಪ ಅಮ್ಮನೋ? ಯಾರೂ ಅಲ್ಲ ಎಂದರು ಸ್ವಾಮಿ. ಇದು ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ. ಲೂಕ 13ರಲ್ಲಿ ಸಿಲೋವದ ಗೋಪುರ ಬಿದ್ದು 18 ಜನ ಸತ್ತ ಸುದ್ದಿ ಬರುತ್ತದೆ. ಅವರು ಉಳಿದವರಿಗಿಂತ ಜಾಸ್ತಿ ಪಾಪ ಮಾಡಿದ್ದರೇ? ಇಲ್ಲ ಎಂಬುದೇ ಅಲ್ಲೂ ಉತ್ತರ. ಮಕ್ಕಳನ್ನು ಕಳೆದುಕೊಂಡು ಬೂದಿಯಲ್ಲಿ ಕೂತ ಯೋಬನ ಮುಂದೆ ಅವನ ಗೆಳೆಯರು ಇಂಥದ್ದೇ ಲೆಕ್ಕ ಹಾಕಿದರು. ಬೈಬಲಿನ ಯೋಬನ ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ.

ಕೂಟದಲ್ಲಿ ನಿಮಗೆ ಆ ಮಾತು ಹೇಳಿದವರು ಬಹುಶಃ ಕೆಟ್ಟವರಲ್ಲ. ಆದರೆ ಆ ಮಾತು ಕೆಟ್ಟದ್ದು. ಅದನ್ನು ನೀವು ಹೊತ್ತುಕೊಂಡು ತಿರುಗಬೇಕಾಗಿಲ್ಲ. ಅತ್ತು ಮುಗಿಸದ ಅಳು ಇದ್ದರೆ ಅಳಿ. ಪಶ್ಚಾತ್ತಾಪ ಪಡಬೇಕಾದದ್ದು ಮಾತ್ರ ಅದರಲ್ಲಿ ಏನೂ ಇಲ್ಲ.

ಈಗ ನಿಯಮದ ಪ್ರಶ್ನೆಗೆ ಬರೋಣ. ನಾನು ಮೂವತ್ತು ವರ್ಷ ಸಭಾಪಾಲಕನಾಗಿದ್ದವನು. ಕೆಲವು ವರ್ಷ ಬೈಬಲಿನ ಹೊಸ ಒಡಂಬಡಿಕೆಯನ್ನು ಗ್ರೀಕ್ ಮೂಲದಿಂದ ಪಾಠ ಮಾಡಿದವನು. ನಿಮ್ಮದು ಹಳೆಯ ಪ್ರಶ್ನೆ. ಕ್ರೈಸ್ತ ಸಭೆ ಹುಟ್ಟಿ ಇಪ್ಪತ್ತು ವರ್ಷ ಆಗುವಷ್ಟರಲ್ಲೇ ಇದೇ ವಿಷಯಕ್ಕೆ ದೊಡ್ಡ ಜಗಳ ಆಗಿತ್ತು.

ಕ್ರಿ.ಶ. 50ರ ಆಸುಪಾಸು. ಇವತ್ತಿನ ಟರ್ಕಿಯ ನಡುಭಾಗದಲ್ಲಿ ಗಲಾತ್ಯ ಎಂಬ ಸೀಮೆ. ಅಲ್ಲಿ ಯೇಸುವಿನ ಅಪೊಸ್ತಲ ಪೌಲ ಸುವಾರ್ತೆ ಸಾರಿ ಮುಂದೆ ಹೋಗಿದ್ದ. ಯೆಹೂದ್ಯರಲ್ಲದ ಜನ ಯೇಸುವನ್ನು ನಂಬಿದ್ದರು. ಅವನ ಬೆನ್ನಿಗೇ ಬೇರೆ ಬೋಧಕರು ಬಂದರು. ಅವರು ಯೇಸುವನ್ನು ಬೇಡ ಅನ್ನಲಿಲ್ಲ. ‘ನಂಬಿಕೆ ಒಳ್ಳೆಯದೇ, ಜೊತೆಗೆ ಸುನ್ನತಿಯೂ ಆಗಬೇಕು, ಮೋಶೆಯ ಧರ್ಮಶಾಸ್ತ್ರದ ದಿನಗಳನ್ನೂ ಹಿಡಿಯಬೇಕು’ ಎಂದರು. ಪೌಲನಿಗೆ ಸಿಟ್ಟು ಬಂದದ್ದು ಆ ‘ಜೊತೆಗೆ’ ಎಂಬ ಮಾತಿಗೆ. ಎಷ್ಟು ಸಿಟ್ಟೆಂದರೆ, ಬೇರೆ ಸಭೆಗಳಿಗೆ ಬರೆದಾಗ ನಿಮಗೋಸ್ಕರ ದೇವರಿಗೆ ಸ್ತೋತ್ರ ಎಂದು ಶುರು ಮಾಡುವ ಮನುಷ್ಯ, ಗಲಾತ್ಯದವರ ಪತ್ರದಲ್ಲಿ ಆ ಸಾಲನ್ನೇ ಬಿಟ್ಟಿದ್ದಾನೆ. ವಂದನೆ ಮುಗಿದ ಕೂಡಲೇ ಗದರಿಕೆ.

ಆ ಪತ್ರದ ಎರಡನೇ ಅಧ್ಯಾಯದಲ್ಲಿ ಅಂತಿಯೋಕ್ಯ ಪಟ್ಟಣದ ಒಂದು ಪ್ರಸಂಗ ಬರುತ್ತದೆ. ನೀವು ಅದನ್ನು ನಿಧಾನವಾಗಿ ಓದಬೇಕು. ಯೇಸುವಿನ ಶಿಷ್ಯ ಪೇತ್ರ ಅಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನಿಂದ ಅಲ್ಲಿನ ಸಭೆಯ ಹಿರಿಯ ಯಾಕೋಬನ ಕಡೆಯವರು ಬಂದರು. ಅವರು ಏನಂದುಕೊಳ್ಳುತ್ತಾರೋ ಎಂಬ ಭಯಕ್ಕೆ ಪೇತ್ರ ಹಿಂದೆ ಸರಿದ. ಅವನನ್ನು ನೋಡಿ ಉಳಿದವರೂ ಸರಿದರು. ಬಾರ್ನಬನಂಥ ಒಳ್ಳೆಯ ಮನುಷ್ಯನೂ ಸರಿದ. ಪೌಲ ಎಲ್ಲರ ಮುಂದೆಯೇ ಪೇತ್ರನನ್ನು ತಡೆದು ಕೇಳಿದ.

ಪೇತ್ರ ತನ್ನ ಬೋಧನೆಯಲ್ಲಿ ಒಂದಕ್ಷರವನ್ನೂ ಬದಲಾಯಿಸಿರಲಿಲ್ಲ ಎಂಬುದನ್ನು ಗಮನಿಸಿ. ಅವನು ಮಾಡಿದ್ದು ಇಷ್ಟೇ, ಊಟದಿಂದ ಎದ್ದ. ಪೌಲನ ಕಣ್ಣಿಗೆ ಸುವಾರ್ತೆ ಕೆಟ್ಟದ್ದು ಅಲ್ಲೇ. ಊಟದ ಪಂಕ್ತಿ ಅಂದರೆ ಏನು, ಅದರಲ್ಲಿ ಯಾರು ಎಲ್ಲಿ ಕೂರುತ್ತಾರೆ, ಯಾರನ್ನು ಕೂರಿಸುವುದಿಲ್ಲ ಎಂಬುದನ್ನು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಪಂಕ್ತಿಯಿಂದ ಎಬ್ಬಿಸಲ್ಪಟ್ಟವರ ಮಕ್ಕಳು ಮೊಮ್ಮಕ್ಕಳು ನಮ್ಮ ಸಭೆಗಳಲ್ಲಿ ತುಂಬಾ ಜನ ಇದ್ದಾರೆ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದ ಮೇಲೆ ಈ ಕರಾವಳಿಯಲ್ಲಿ ಯೇಸುವಿನ ಮಾತು ಕೇಳಿದ ಎಷ್ಟೋ ಜನರನ್ನು ಸೆಳೆದದ್ದು ಅದೇ. ಪ್ರಭುವಿನ ಭೋಜನದಲ್ಲಿ, ಅಂದರೆ ಯೇಸುವಿನ ನೆನಪಿಗೆ ಸಭೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವಾಗ, ಎಲ್ಲರಿಗೂ ಒಂದೇ ರೊಟ್ಟಿ, ಒಂದೇ ಪಾತ್ರೆ.

ಹಾಗಾದರೆ ಪೌಲ ಎಲ್ಲ ನಿಯಮಗಳಿಗೂ ವಿರೋಧಿಯೇ? ಇಲ್ಲ. ಇಬ್ಬರು ಹುಡುಗರ ಕಥೆ ಕೇಳಿ.

ತಿಮೊಥೆಯನ ತಾಯಿ ಯೆಹೂದ್ಯಳು, ತಂದೆ ಗ್ರೀಕ. ಪೌಲ ಅವನನ್ನು ಸೇವೆಗೆ ಜೊತೆಯಲ್ಲಿ ಕರೆದುಕೊಂಡು ಹೋಗುವ ಮುಂಚೆ ಅವನಿಗೆ ಸುನ್ನತಿ ಮಾಡಿಸಿದ. ಆ ಸೀಮೆಯ ಯೆಹೂದ್ಯರ ಮನೆಗಳಿಗೆ ಹೋಗಿ ಬರಲು ಅದು ಅಡ್ಡ ಬರಬಾರದು ಎಂದು. ಅಪೊಸ್ತಲರ ಕೃತ್ಯಗಳು 16ರಲ್ಲಿ ಇದಿದೆ. ತೀತ ಪೂರ್ತಿ ಗ್ರೀಕ. ಅವನನ್ನು ಯೆರೂಸಲೇಮಿಗೆ ಕರೆದುಕೊಂಡು ಹೋದಾಗ ಕೆಲವರು ಇವನಿಗೂ ಆಗಲೇಬೇಕು ಎಂದು ಹಿಡಿದರು. ಪೌಲ ಒಂದು ಗಳಿಗೆಯೂ ಬಗ್ಗಲಿಲ್ಲ. ಇದು ಗಲಾತ್ಯ 2ರಲ್ಲಿದೆ.

ಮಾಡುವ ಕೆಲಸ ಒಂದೇ, ಮಾಡುವವನೂ ಒಬ್ಬನೇ. ಒಬ್ಬನಿಗೆ ಆಗಲಿ ಎಂದ, ಇನ್ನೊಬ್ಬನಿಗೆ ಆಗದು ಎಂದ. ವಿದ್ಯಾರ್ಥಿಗಳು ಪ್ರತಿ ವರ್ಷ ನನ್ನನ್ನು ಕೇಳುತ್ತಿದ್ದರು, ಪೌಲ ಮಾತು ಬದಲಾಯಿಸಿದನೇ ಸಾರ್ ಎಂದು. ಬದಲಾಯಿಸಲಿಲ್ಲ. ತಿಮೊಥೆಯನ ವಿಷಯದಲ್ಲಿ ಅದು ಇನ್ನೊಬ್ಬರ ಮನೆ ಬಾಗಿಲು ತೆರೆಯಲು ಪ್ರೀತಿಯಿಂದ ಕೊಟ್ಟದ್ದು. ತೀತನ ವಿಷಯದಲ್ಲಿ ಅದನ್ನು ದೇವರ ಮನೆಯ ಪ್ರವೇಶಕ್ಕೆ ಬೆಲೆಯಾಗಿ ಕೇಳಿದ್ದರು. ಆ ಬೆಲೆಯನ್ನು ಒಬ್ಬರು ಆಗಲೇ ಕೊಟ್ಟಾಗಿದೆ. ಮತ್ತೆ ಕೊಟ್ಟರೆ ಆತ ಕೊಟ್ಟದ್ದು ಸಾಲಲಿಲ್ಲ ಎಂದ ಹಾಗೆ. ಧರ್ಮಶಾಸ್ತ್ರದಿಂದಲೇ ನೀತಿ ಸಿಗುವುದಾದರೆ ಕ್ರಿಸ್ತ ಸತ್ತದ್ದು ಸುಮ್ನೆ ಎಂದು ಪೌಲ ಅದೇ ಅಧ್ಯಾಯವನ್ನು ಮುಗಿಸುತ್ತಾನೆ.

ನಿಮ್ಮ ಕರಿಮಣಿಯನ್ನು ಈ ಇಬ್ಬರ ನಡುವೆ ಇಟ್ಟು ನೋಡಿ. ಅತ್ತೆಗೆ ಬೇಸರ ಆಗುತ್ತದೆ, ಕೂಟದಲ್ಲಿ ಮೈ ಮೇಲೆ ಚಿನ್ನವೇ ಇಲ್ಲದ ಹೆಣ್ಣುಮಕ್ಕಳ ಪಕ್ಕ ಕೂರುತ್ತೇನೆ, ಹಾಗಾಗಿ ಬೆಂಡೋಲೆ ಮನೆಯಲ್ಲೇ ಇರಲಿ ಎಂದು ನಿಮಗೇ ಅನಿಸಿದರೆ ತೆಗೆದಿಡಿ. ಅದು ತಿಮೊಥೆಯನ ದಾರಿ. ಅದರಲ್ಲಿ ನೀವು ಕಳೆದುಕೊಳ್ಳುವುದು ಏನೂ ಇಲ್ಲ. ಆದರೆ ‘ತೆಗೆಯದಿದ್ದರೆ ನಿನಗೆ ಪ್ರಭುವಿನ ಭೋಜನದಲ್ಲಿ ಜಾಗ ಇಲ್ಲ, ನಿನ್ನ ಪ್ರಾರ್ಥನೆ ದೇವರಿಗೆ ಮುಟ್ಟುವುದಿಲ್ಲ’ ಎಂದಿದ್ದರೆ ಅದು ತೀತನ ಮುಂದೆ ಇಟ್ಟ ಬೇಡಿಕೆಯೇ. ಅಲ್ಲಿ ಬಗ್ಗಬಾರದು.

ಒಡವೆ ಬೇಡ ಎನ್ನುವವರು ಎರಡು ವಚನ ತೋರಿಸುತ್ತಾರೆ. ಒಂದನೆಯ ತಿಮೊಥೆಯ 2ರಲ್ಲಿ ಒಂದು, ಒಂದನೆಯ ಪೇತ್ರ 3ರಲ್ಲಿ ಇನ್ನೊಂದು. ನಿಮಗೂ ತೋರಿಸಿರುತ್ತಾರೆ. ಪೇತ್ರನ ಪತ್ರದ ವಚನ ಹೇಳುವುದು ಹೀಗೆ: ನಿಮ್ಮ ಅಲಂಕಾರ ಜಡೆ ಹೆಣೆಯುವುದು, ಚಿನ್ನ ಹಾಕಿಕೊಳ್ಳುವುದು, ವಸ್ತ್ರ ಉಡುವುದು ಎಂಬ ಹೊರಗಿನ ಅಲಂಕಾರವಾಗಿರದೆ ಒಳಗಿನ ಮನುಷ್ಯನದ್ದಾಗಿರಲಿ. ‘ಬೆಲೆಬಾಳುವ ವಸ್ತ್ರ’ ಎಂಬ ಅರ್ಥ ಬರುವ ಹಾಗೆ ಕೆಲವು ಅನುವಾದಗಳು ಒಂದು ಮಾತು ಸೇರಿಸುತ್ತವೆ. ಗ್ರೀಕ್ ಮೂಲದಲ್ಲಿ ಆ ವಿಶೇಷಣ ಇಲ್ಲ. ಬರೀ ‘ವಸ್ತ್ರ’ ಎಂದಿದೆ. ಈ ವಚನವನ್ನು ಚಿನ್ನದ ಮೇಲಿನ ನಿಷೇಧ ಎಂದು ಓದಿದರೆ, ಅದೇ ಉಸಿರಿನಲ್ಲಿ ಬಟ್ಟೆಗೂ ನಿಷೇಧ ಎಂದು ಓದಬೇಕಾಗುತ್ತದೆ. ಯಾರೂ ಹಾಗೆ ಓದುವುದಿಲ್ಲ. ಪೇತ್ರ ಹೇಳುತ್ತಿರುವುದು ಒಬ್ಬ ಹೆಂಗಸಿನ ಚೆಲುವು ಎಲ್ಲಿದೆ ಎಂಬುದನ್ನು. ತಿಮೊಥೆಯನಿಗೆ ಬರೆದ ಪತ್ರದಲ್ಲಿ ಚಿನ್ನ, ಮುತ್ತು, ದುಬಾರಿ ಬಟ್ಟೆ ಒಟ್ಟಿಗೆ ಬರುತ್ತವೆ. ಅದು ಸಿರಿವಂತರ ಮನೆಯ ಹೆಂಗಸರು ಸಭೆಗೆ ಬಂದು ಸಿರಿ ತೋರಿಸುವುದಕ್ಕೆ ಹೇಳಿದ ಬುದ್ಧಿಮಾತು. ಲೂಕ 15ರ ಕಥೆಯಲ್ಲಿ ತಪ್ಪಿಹೋದ ಮಗ ಮನೆಗೆ ಮರಳಿದಾಗ ತಂದೆ ಅವನ ಬೆರಳಿಗೆ ಉಂಗುರ ತೊಡಿಸಿದ್ದನ್ನು ಯೇಸುಸ್ವಾಮಿಯೇ ಹೇಳಿದ್ದಾರೆ. ಒಡವೆಯಲ್ಲೇ ಪಾಪ ಇದ್ದಿದ್ದರೆ ಆ ಕಥೆಯಲ್ಲಿ ಉಂಗುರ ಬರುತ್ತಿರಲಿಲ್ಲ.

ಒಂದು ನ್ಯಾಯದ ಮಾತನ್ನೂ ಹೇಳಬೇಕು. ಒಡವೆ ಬಿಡುವ ಕ್ರಮದ ಒಳಗೆ ಒಳ್ಳೆಯದೂ ಇದೆ. ಬಡವರ ಮನೆಯ ಹುಡುಗಿ ಆ ಕೂಟದಲ್ಲಿ ತಲೆ ಎತ್ತಿ ಕೂರುತ್ತಾಳೆ. ಅವಳ ಕಿವಿ ಬರಿದಾಗಿದೆ ಎಂದು ಯಾರೂ ನೋಡುವುದಿಲ್ಲ, ಎಲ್ಲರ ಕಿವಿಯೂ ಬರಿದೇ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ನನ್ನ ಮನಸ್ಸು ತುಂಬಿದೆ. ಆದರೆ ಕಿವಿಯ ಚಿನ್ನ ಬಿಡಿಸಿದ ಮನೆಯಲ್ಲೇ ಮಗನಿಗೆ ವರದಕ್ಷಿಣೆ ಎಣಿಸಿಕೊಂಡದ್ದನ್ನೂ ಕಂಡಿದ್ದೇನೆ. ಮತ್ತಾಯ 23ರಲ್ಲಿ ಇಂಥವರ ಬಗ್ಗೆ ಮಾತಿದೆ. ಪುದೀನ, ಸೋಪು, ಜೀರಿಗೆಯಲ್ಲೂ ಹತ್ತರಲ್ಲೊಂದು ಪಾಲು ಅಳೆದು ಕೊಟ್ಟರು, ನ್ಯಾಯ, ಕರುಣೆ, ನಂಬಿಕೆಯನ್ನು ಬಿಟ್ಟರು. ನಿಯಮದ ಕಷ್ಟ ಇದೇ. ಸಣ್ಣದನ್ನು ಅಳೆಯುವುದು ಸುಲಭ. ದೊಡ್ಡದಕ್ಕೆ ಅಳತೆಗೋಲು ಇಲ್ಲ, ಹಾಗಾಗಿ ಕಣ್ಣು ಅದರಿಂದ ಜಾರಿಬಿಡುತ್ತದೆ.

ಇನ್ನು ಪಕ್ಕದ ಮನೆಯ ಗಟ್ಟಿ. ಕೂಟದವರು ಇಲ್ಲಿ ಅಪೊಸ್ತಲರ ಕೃತ್ಯಗಳು 15 ತೆಗೆಯುತ್ತಾರೆ. ಯೆರೂಸಲೇಮಿನ ಹಿರಿಯರು ಸುನ್ನತಿ ಬೇಡ ಎಂದು ತೀರ್ಮಾನಿಸಿದ ಸಭೆ ಅದು. ಆ ತೀರ್ಮಾನ ತಿಳಿಸಿ ಬರೆದ ಪತ್ರದಲ್ಲೇ ವಿಗ್ರಹಕ್ಕೆ ನೈವೇದ್ಯ ಮಾಡಿದ ಪದಾರ್ಥ ಬಿಡಿ ಎಂದೂ ಬರೆದಿದ್ದಾರೆ. ನಿಜ, ಬರೆದಿದ್ದಾರೆ. ಯೆಹೂದ್ಯ ವಿಶ್ವಾಸಿಗಳೂ ಬೇರೆಯವರೂ ಒಟ್ಟಿಗೆ ಕೂತು ಊಟ ಮಾಡಲು ಸಾಧ್ಯವಾಗಲಿ ಎಂಬುದು ಅದರ ಉದ್ದೇಶ ಎಂದು ನಾನು ಓದುತ್ತೇನೆ. ಅಲ್ಲಿಯೂ ವಿಷಯ ಪಂಕ್ತಿಯದ್ದೇ. ಬೇರೆ ರೀತಿ ಓದುವ ಸಭೆಗಳೂ ಇವೆ.

ಪೌಲ ಇದೇ ವಿಷಯವನ್ನು ಕೊರಿಂಥ ಪಟ್ಟಣದ ಸಭೆಗೆ ಬರೆದ ಮೊದಲ ಪತ್ರದ ಮೂರು ಅಧ್ಯಾಯಗಳಲ್ಲಿ ಬಿಡಿಸಿ ಹೇಳಿದ, 8ರಿಂದ 10ರವರೆಗೆ. ಅವನು ಎರಡು ಗೆರೆ ಎಳೆಯುತ್ತಾನೆ. ಬೇರೆ ದೇವರ ಪೂಜೆಯಲ್ಲಿ ಪಾಲುಗಾರರಾಗಬೇಡಿ, ಇದು ಒಂದು. ಅಂಗಡಿಯಲ್ಲಿ ಮಾರುವುದನ್ನು ಏನೂ ಕೇಳದೆ ತಿನ್ನಿ, ಯಾರಾದರೂ ಮನೆಗೆ ಕರೆದು ಬಡಿಸಿದರೆ ಮುಂದಿಟ್ಟದ್ದನ್ನು ತಿನ್ನಿ, ಇದು ಎರಡು. ‘ಇದು ನೈವೇದ್ಯದ್ದು’ ಎಂದು ಒಬ್ಬರು ಎತ್ತಿ ಹೇಳಿದರೆ ಹಾಗೆ ಹೇಳಿದವರ ಮನಸ್ಸಾಕ್ಷಿಗೋಸ್ಕರ ಬಿಡಿ. ನಿಮ್ಮ ಮನಸ್ಸಾಕ್ಷಿಗೋಸ್ಕರ ಅಲ್ಲ ಎಂದು ಅವನೇ ಬಿಡಿಸಿ ಹೇಳುತ್ತಾನೆ.

ಪಕ್ಕದ ಮನೆಯ ಅಕ್ಕ ಅರಿಶಿಣ ಎಲೆ ಕೊಯ್ದು, ಅಕ್ಕಿ ಕಡೆದು, ಕಾಯಿಬೆಲ್ಲ ತುಂಬಿ, ಬೇಯಿಸಿ, ಬಿಸಿ ಆರುವ ಮುಂಚೆ ನಿಮ್ಮ ಮನೆಗೆ ಕಳಿಸುತ್ತಾರೆ. ಅವರು ಕೊಡುತ್ತಿರುವುದು ನೆರೆಮನೆಯ ಪ್ರೀತಿ. ನಾಗನಿಗೆ ಎರೆದ ಹಾಲನ್ನು ಕುಡಿ ಎಂದೋ, ಬನದಲ್ಲಿ ಕೈಮುಗಿ ಎಂದೋ ಅವರು ಕೇಳಿಲ್ಲ. ನನ್ನ ತಿಳುವಳಿಕೆಯಲ್ಲಿ ನೀವು ಅದನ್ನು ದೇವರಿಗೆ ಸ್ತೋತ್ರ ಹೇಳಿ ತಿನ್ನಬಹುದು. ತಿನ್ನಲು ನಿಮ್ಮ ಮನಸ್ಸೇ ಹಿಂಜರಿದರೆ ಬಿಡಬಹುದು. ಆದರೆ ತಟ್ಟೆಯನ್ನು ಬಾಗಿಲಲ್ಲೇ ಹಿಂದೆ ಕಳಿಸಿ ಆ ಅಕ್ಕನ ಮುಖ ಸಣ್ಣದಾಗುವ ಹಾಗೆ ಮಾಡುವುದಕ್ಕೆ ನನಗೆ ಬೈಬಲಿನಲ್ಲಿ ಆಧಾರ ಸಿಕ್ಕಿಲ್ಲ.

ನಿಮ್ಮ ಅಮ್ಮನ ಶುಕ್ರವಾರದ ಬಗ್ಗೆ ಕೂಟದವರು ಹೇಳಿದ್ದು ತಪ್ಪು. ನಾನು ಕ್ಯಾಥೊಲಿಕ್ ಅಲ್ಲ, ಆದರೂ ಇದನ್ನು ಹೇಳಬೇಕು. ಆ ಸಭೆಯ ನಿಯಮದಲ್ಲಿ ಮಾಂಸ ಬಿಡುವುದು 14 ವರ್ಷ ತುಂಬಿದವರಿಗೆ. ಉಪವಾಸ 18 ತುಂಬಿದವರಿಂದ 59ರವರೆಗೆ, ಅದೂ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಕಾಯಿಲೆಯವರಿಗೆ ವಿನಾಯಿತಿ ಇದೆ. ಹೀಗೆ ಮಾಡಿದರೆ ರಕ್ಷಣೆ ಸಿಗುತ್ತದೆ ಎಂದು ಆ ಸಭೆ ಕಲಿಸುವುದಿಲ್ಲ. 1547ರಲ್ಲಿ ಕ್ಯಾಥೊಲಿಕ್ ಸಭೆಯ ಟ್ರೆಂಟ್ ಮಹಾಸಭೆಯೇ ದೇವರ ಮುಂದೆ ನೀತಿವಂತರಾಗುವ ಕೃಪೆಯನ್ನು ಯಾರೂ ಸಂಪಾದಿಸಲಾರರು ಎಂದು ಬರೆದಿತ್ತು. ರೋಮಿನ ಸಭೆಯಿಂದ ಬೇರೆಯಾದ ಲೂಥರನ ಕಡೆಯವರೂ ರೋಮಿನ ಕಡೆಯವರೂ ನಾನೂರಕ್ಕೂ ಜಾಸ್ತಿ ವರ್ಷ ಬೇರೆ ಬೇರೆ ಕೂತು, 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಒಂದೇ ಕಾಗದಕ್ಕೆ ಸಹಿ ಹಾಕಿದರು. ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ, ಕ್ರಿಸ್ತನಲ್ಲಿಟ್ಟ ನಂಬಿಕೆಯಲ್ಲಿ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಭೇದಗಳು ಇನ್ನೂ ಇವೆ. ಆದರೆ ‘ಅವರಿಗೆ ನಂಬಿಕೆ ಇಲ್ಲ’ ಎಂದು ಇನ್ನು ಯಾರೂ ಹೇಳುವ ಹಾಗಿಲ್ಲ.

ನಮ್ಮ ಕಾಸರಗೋಡು ಜಿಲ್ಲೆಯನ್ನೇ ನೋಡಿ. ಬೇಳದ 1890ರ ಇಗರ್ಜಿಗೆ ಹೋಗುವವರ ಕ್ರಮ ಒಂದು. 1943ರ ನಂತರ ರಾಜಪುರದ ಕಡೆ ಬೆಟ್ಟ ಹತ್ತಿ ನೆಲೆಸಿದ ಸುರಿಯಾನಿ ಕ್ರೈಸ್ತರ ಮನೆಗಳಲ್ಲಿ ಈಸ್ಟರಿಗೆ ಮುಂಚೆ ಐವತ್ತು ದಿನದ ನೋಂಬು, ಅಂದರೆ ವ್ರತ. ನಮ್ಮ ಕನ್ನಡ ಸಭೆಗಳಲ್ಲಿ ಇನ್ನೊಂದು ಕ್ರಮ. ನಿಮ್ಮ ಅತ್ತೆಯ ಕೂಟದಲ್ಲಿ ಮತ್ತೊಂದು. ನಿಯಮ ಇಲ್ಲದ ಮನೆ ಯಾವುದೂ ಇಲ್ಲ. ‘ನಮ್ಮದು ನಂಬಿಕೆ, ನಿಮ್ಮದು ಆಚಾರ’ ಎನ್ನುವಾಗ ಮನುಷ್ಯ ತನ್ನ ಆಚಾರವನ್ನು ಕಾಣುವುದಿಲ್ಲ, ಅಷ್ಟೇ. ನಿಮ್ಮ ಅಮ್ಮನೂ ಒಂದು ಮಾತು ಕೇಳಿಕೊಳ್ಳಬೇಕು. ಶುಕ್ರವಾರ ಮಾಂಸ ಬಿಟ್ಟು ಉಳಿದ ದುಡ್ಡು ಎಲ್ಲಿಗೆ ಹೋಯಿತು? ಯೆಶಾಯ 58ರಲ್ಲಿ ದೇವರು ಕೇಳುವ ಉಪವಾಸ ಹಸಿದವನಿಗೆ ಅನ್ನ ಹಂಚುವುದು, ನೊಗ ಮುರಿಯುವುದು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ನಿಯಮ ಮನುಷ್ಯರನ್ನು ಏನು ಮಾಡುತ್ತದೆ ಎಂದು ನಾನು ಕಲಿತದ್ದು ಪುಸ್ತಕದಿಂದಲ್ಲ.

ಆಗ ನನಗೆ ಇಪ್ಪತ್ತೆಂಟು. ಗಡಿಯ ಒಂದು ಸಣ್ಣ ಸಭೆಗೆ ಹೊಸದಾಗಿ ಬಂದಿದ್ದೆ. ಕಾರಣವಿಲ್ಲದೆ ಮೂರು ಭಾನುವಾರ ತಪ್ಪಿಸಿದವರು ಹಿರಿಯರನ್ನು ಕಂಡು ಮಾತಾಡದೆ ಪ್ರಭುವಿನ ಭೋಜನಕ್ಕೆ ಬರಬಾರದು ಎಂದು ನಾನೇ ಒಂದು ಕ್ರಮ ಮಾಡಿದೆ. ಶಿಸ್ತು ಬರಲಿ ಎಂಬುದೇ ನನ್ನ ಆಸೆ. ಬೀಡಿ ಕಟ್ಟುವ ಒಬ್ಬ ವಿಧವೆ ಇದ್ದಳು. ಸೋಮವಾರ ಬೆಳಿಗ್ಗೆ ಬೀಡಿ ಲೆಕ್ಕ ಕೊಡಬೇಕು. ಎಲೆ ನೆನೆಸಿ, ಕತ್ತರಿಸಿ, ಕಟ್ಟಿ ಮುಗಿಸಲು ಭಾನುವಾರವೂ ಕೂರಲೇಬೇಕು. ಅವಳು ನಾಲ್ಕು ವಾರ ಬಂದಿರಲಿಲ್ಲ. ಐದನೇ ವಾರ ಬಂದು ಎಲ್ಲರ ಜೊತೆ ಮೊಣಕಾಲೂರಿದಳು. ನಾನು ರೊಟ್ಟಿಯ ತಟ್ಟೆ ಹಿಡಿದು ಅವಳ ಮುಂದಿನಿಂದ ದಾಟಿ ಹೋದೆ. ಅವಳ ಕೈ ಚಾಚಿಯೇ ಇತ್ತು.

ಆಮೇಲೆ ಅವಳು ಬರಲಿಲ್ಲ. ಮೂರು ತಿಂಗಳು ಕಳೆದ ಮೇಲೆ ಅವಳ ಮನೆಗೆ ಹೋದೆ. ಮೊರವನ್ನು ಪಕ್ಕಕ್ಕಿಟ್ಟು ಎದ್ದು ಚಾ ಮಾಡಿಕೊಟ್ಟಳು. ‘ಅಯ್ಯನವರೇ, ದೇವರ ಹತ್ತಿರ ನನಗೆ ಜಗಳ ಇಲ್ಲ. ನಿಮ್ಮ ಹತ್ತಿರ ಬರಲು ಭಯ’ ಎಂದಳು. ಅಷ್ಟೇ ಹೇಳಿದ್ದು. ಸಬ್ಬತ್ ಎಂಬ ವಿಶ್ರಾಂತಿಯ ದಿನ ಇರುವುದು ಮನುಷ್ಯನಿಗೋಸ್ಕರ ಎಂಬ ಮಾರ್ಕ 2ರ ಮಾತನ್ನು ನಾನು ಎಷ್ಟೋ ಸಲ ಪ್ರಸಂಗ ಮಾಡಿದ್ದೆ. ಅವಳ ಜಗಲಿಯಲ್ಲಿ ಕೂತಾಗಲೇ ಅದು ನನಗೆ ಅರ್ಥವಾದದ್ದು. ಅವಳ ಕ್ಷಮೆ ಕೇಳಿದೆ. ಮುಂದಿನ ಭಾನುವಾರ ಸಭೆಯ ಮುಂದೆ ಆ ಕ್ರಮವನ್ನು ತೆಗೆದುಹಾಕಿದೆ. ಅವಳು ಮತ್ತೆ ಬರಲು ಒಂದು ವರ್ಷ ಬೇಕಾಯಿತು.

ನಿಮ್ಮ ಇನ್ನೊಂದು ಪ್ರಶ್ನೆ ಉಳಿದಿದೆ. ನಿಯಮವೇ ಬೇಡ ಅಂದರೆ ಬದುಕುವುದು ಹೇಗೆ?

ಗಲಾತ್ಯ 3ರಲ್ಲಿ ಪೌಲ ಧರ್ಮಶಾಸ್ತ್ರವನ್ನು ಮನೆಯ ಒಬ್ಬ ಆಳಿಗೆ ಹೋಲಿಸುತ್ತಾನೆ. ಆ ಕಾಲದ ಗ್ರೀಕ್, ರೋಮ್ ಮನೆಗಳಲ್ಲಿ ಮಗುವನ್ನು ಕೈಹಿಡಿದು ಗುರುವಿನ ಹತ್ತಿರ ಬಿಟ್ಟು, ದಾರಿಯಲ್ಲಿ ಪೋಕರಿ ಮಾಡಿದರೆ ಗದರಿ, ಮತ್ತೆ ಮನೆಗೆ ಕರೆತರುವ ದಾಸ ಒಬ್ಬ ಇರುತ್ತಿದ್ದ. ಪೌಲ ಬಳಸಿದ ಪದ ಅವನಿಗೇ ಇದ್ದ ಪದ. ನನಗೆ ಈ ಜಾಗ ಓದುವಾಗ ನಮ್ಮ ಕಡೆಯ ಮಳೆಗಾಲ ನೆನಪಾಗುತ್ತದೆ. ಅಡಿಕೆ ಮರದ ಸಂಕದ ಮೇಲೆ ಮಕ್ಕಳನ್ನು ಒಬ್ಬೊಬ್ಬರಾಗಿ ತೋಡು ದಾಟಿಸಿ ಶಾಲೆಯ ದಾರಿಗೆ ಬಿಡುತ್ತಿದ್ದ ಮನೆಯ ಆಳುಗಳು. ಆ ಕೈ ಇಲ್ಲದಿದ್ದರೆ ಎಷ್ಟು ಮಕ್ಕಳು ತೋಡಿಗೆ ಬೀಳುತ್ತಿದ್ದರೋ. ಆ ಕೈಯನ್ನು ಕೆಟ್ಟದ್ದು ಎಂದು ಯಾರು ಹೇಳುತ್ತಾರೆ? ಆದರೆ ಬೆಳೆದು ಮೇಷ್ಟರಾದವನು ಇವತ್ತೂ ಆಳು ಬಂದು ಕೈಹಿಡಿಯಲಿ ಎಂದು ಸಂಕದ ಹತ್ತಿರ ಕಾಯುತ್ತಾ ನಿಲ್ಲುವುದಿಲ್ಲ. ಅವನಿಗೆ ಈಗ ದಾರಿ ಗೊತ್ತು. ಜಾರುವ ಜಾಗವೂ ಗೊತ್ತು.

ನಮ್ಮ ಮಂಜೇಶ್ವರದ ಗೋವಿಂದ ಪೈಗಳನ್ನು ನೆನೆಸಿಕೊಳ್ಳಿ. ಕನ್ನಡ ಪದ್ಯ ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕು ಎಂಬ ಪ್ರಾಸದ ಕಟ್ಟು ನೂರಾರು ವರ್ಷಗಳಿಂದ ಇತ್ತು. 1911ರಲ್ಲಿ ಅವರು ಅದನ್ನು ಬಿಟ್ಟರು. ಬೈದವರು ಇದ್ದರು. ಆದರೆ ಪ್ರಾಸ ಬಿಟ್ಟ ಪೈಗಳು ಛಂದಸ್ಸನ್ನು ಬಿಡಲಿಲ್ಲ. ಅವರ ಸಾಲುಗಳಿಗೆ ಲಯ ಇತ್ತು, ತೂಕ ಇತ್ತು. ಎರಡನೇ ಅಕ್ಷರಕ್ಕೆ ಶಬ್ದ ಹುಡುಕುವ ಶ್ರಮ ಉಳಿದದ್ದರಿಂದ ಅವರ ಗಮನ ಹೇಳಬೇಕಾದ ಮಾತಿನ ಕಡೆಗೆ ಹೋಯಿತು. ಅದೇ ಕವಿ ಮುಂದೆ ಕ್ರಿಸ್ತನ ಕೊನೆಯ ದಿನದ ಮೇಲೆ ಒಂದು ಖಂಡಕಾವ್ಯವನ್ನೇ ಬರೆದರು. ಪೌಲ ಹೇಳುವ ಬಿಡುಗಡೆ ಹೆಚ್ಚುಕಡಿಮೆ ಇಂಥದ್ದು. ಕೊರಿಂಥದಲ್ಲಿ ಕೆಲವರು ‘ಎಲ್ಲಕ್ಕೂ ನನಗೆ ಸ್ವಾತಂತ್ರ್ಯ ಇದೆ’ ಎಂದು ಬೇಕಾದ ಹಾಗೆ ನಡೆದರು. ಇದೆ, ಆದರೆ ಎಲ್ಲವೂ ಕಟ್ಟುವುದಿಲ್ಲ ಎಂದು ಪೌಲ ಅವರಿಗೆ ಉತ್ತರ ಕೊಟ್ಟ. ಗಲಾತ್ಯ 5ರಲ್ಲಿ ಬಿಡುಗಡೆಯ ಮಾತು ಹೇಳಿದ ಮೇಲೆ ಅವನು ತೋರಿಸುವ ಕೆಲಸ ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡುವುದು. ಲೂಥರ್ 1520ರಲ್ಲಿ ಇದನ್ನೇ ಎರಡು ಸಾಲಿನಲ್ಲಿ ಇಟ್ಟ. ಕ್ರೈಸ್ತನು ಎಲ್ಲರಿಗಿಂತ ಸ್ವತಂತ್ರ ಒಡೆಯ, ಯಾರ ಅಧೀನನೂ ಅಲ್ಲ. ಕ್ರೈಸ್ತನು ಎಲ್ಲರ ಸೇವಕ, ಎಲ್ಲರ ಅಧೀನ. ಎರಡೂ ಒಬ್ಬನೇ ಮನುಷ್ಯನ ಬಗ್ಗೆ.

ಈಗ ಏನು ಮಾಡುವುದು? ಮೊದಲು ಗಂಡನ ಹತ್ತಿರ ಮಾತಾಡಿ. ನಿಮ್ಮ ಪತ್ರದಲ್ಲಿ ಅತ್ತೆ ಕಡೆಯವರು ಇದ್ದಾರೆ, ಹಿರಿಯರು ಇದ್ದಾರೆ, ಅಮ್ಮ ಇದ್ದಾರೆ. ಗಂಡ ಏನು ಹೇಳಿದರು ಎಂಬುದು ಎಲ್ಲೂ ಇಲ್ಲ. ಹೋದದ್ದು ಅವರ ಮಗುವೂ ಹೌದು. ‘ಅದರ ಫಲ’ ಎಂಬ ಮಾತು ನಿಮ್ಮನ್ನು ಎಷ್ಟು ಸುಟ್ಟಿದೆ ಎಂದು ಅವರಿಗೆ ಹೇಳಿ. ಆಮೇಲೆ ಇಬ್ಬರೂ ಸೇರಿ ಹಿರಿಯರನ್ನು ಕಾಣಿ. ವಚನಗಳ ವಾದಕ್ಕೆ ಇಳಿಯಬೇಡಿ. ಒಂದೇ ಪ್ರಶ್ನೆ ಕೇಳಿ: ಕರಿಮಣಿ ಹಾಕಿಕೊಂಡು ಬಂದರೆ ನನಗೆ ಪ್ರಭುವಿನ ಭೋಜನ ಕೊಡುತ್ತೀರಾ? ‘ಕೊಡುತ್ತೇವೆ, ಆದರೂ ನಮಗೆ ಹೀಗೆ ಇಷ್ಟ’ ಎಂದರೆ ಅವರ ಜೊತೆ ಬದುಕಬಹುದು. ಅವರ ಮನಸ್ಸು ನೋಯಿಸದೆ ನಡೆಯಲು ನಿಮಗೂ ಸುಲಭ. ‘ಕೊಡುವುದಿಲ್ಲ’ ಎಂದರೆ ತಂಗಿ, ಅಲ್ಲಿ ಕೂತಿರುವುದಕ್ಕೆ ನಿಮಗೆ ಯಾವ ಕಟ್ಟೂ ಇಲ್ಲ. ಬೇರೆ ಸಭೆಗೆ ಹೋಗುವುದು ನಂಬಿಕೆ ಬಿಟ್ಟ ಹಾಗಲ್ಲ.

ಅವರು ರೋಮಾಪುರದವರ ಪತ್ರದ 14ನೇ ಅಧ್ಯಾಯ ತೆಗೆದು ‘ಬಲಹೀನರಿಗೆ ಅಡ್ಡಿಯಾಗಬೇಡ’ ಎಂದು ಹೇಳಬಹುದು. ಅದು ತೂಕದ ಮಾತು. ಆದರೆ ಪೌಲ ಹೇಳುವ ಬಲಹೀನ ಯಾರು? ನಿಮ್ಮನ್ನು ನೋಡಿ ತನ್ನ ಮನಸ್ಸಾಕ್ಷಿಗೆ ವಿರೋಧವಾಗಿ ನಡೆದು ಮುರಿದುಹೋಗುವವನು. ಸಿಟ್ಟಾಗುವವನು, ಅಪ್ಪಣೆ ಕೊಡುವವನು ಬಲಹೀನನಲ್ಲ. ಅದೇ ಅಧ್ಯಾಯದ ಮೂರನೇ ವಚನಕ್ಕೆ ಎರಡು ಪಾಲಿದೆ. ತಿನ್ನುವವನು ತಿನ್ನದವನನ್ನು ಹೀನವಾಗಿ ನೋಡಬಾರದು. ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು. ಮೊದಲನೆಯದು ನಿಮಗೆ. ಅತ್ತೆಯ ನಿಷ್ಠೆಯನ್ನು ಮನಸ್ಸಿನಲ್ಲೂ ಕೀಳಾಗಿ ಕಾಣಬೇಡಿ. ಎರಡನೆಯದು ಅವರಿಗೆ. ಎರಡನ್ನೂ ಒಟ್ಟಿಗೇ ಓದಿಸಿ.

ಕೊನೆಗೆ ನೀವು ಕೇಳಿದ್ದು, ನಾನು ದೇವರಿಂದ ದೂರ ಹೋಗಿದ್ದೇನಾ ಎಂದು. ತಪ್ಪಿಹೋದ ಮಗ ಮರಳಿದ ಲೂಕ 15ರ ಆ ಕಥೆಯ ಇಬ್ಬರು ಗಂಡುಮಕ್ಕಳಲ್ಲಿ, ಮನೆಯಲ್ಲೇ ಉಳಿದಿದ್ದ ದೊಡ್ಡವನನ್ನು ನೋಡಿ. ‘ಇಷ್ಟು ವರ್ಷ ನಿನಗೆ ದಾಸನ ಹಾಗೆ ದುಡಿದೆ, ಒಂದು ಅಪ್ಪಣೆಯನ್ನೂ ಮೀರಲಿಲ್ಲ’ ಎನ್ನುತ್ತಾನೆ ಅವನು. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಹಾಗೆ ಹೇಳುವಾಗ ಅವನು ಅಂಗಳದಲ್ಲಿ ನಿಂತಿದ್ದ, ಊಟ ಒಳಗೆ ನಡೆಯುತ್ತಿತ್ತು. ತಂದೆ ಚಿಕ್ಕವನನ್ನು ಕಂಡು ಓಡಿ ಬಂದ ಹಾಗೆಯೇ ದೊಡ್ಡವನನ್ನು ಕರೆಯಲೂ ಹೊರಗೆ ಬಂದ. ನಿಮ್ಮ ಕೂಟದ ಹಿರಿಯರ ಹತ್ತಿರ ಸಿಟ್ಟು ಬಂದಾಗ ಇದನ್ನು ನೆನಪಿಸಿಕೊಳ್ಳಿ, ಅವರನ್ನೂ ಕರೆಯಲು ತಂದೆ ಹೊರಗೆ ನಿಂತಿದ್ದಾನೆ. ನೀವಂತೂ ದೂರ ಹೋಗಿಲ್ಲ. ದೂರ ಹೋದವರು ಇಂಥ ಪತ್ರ ಬರೆಯುವುದಿಲ್ಲ.

ಮತ್ತೆ ಗರ್ಭಿಣಿಯಾಗುವ ಮುಂಚೆ ಒಬ್ಬ ಹೆರಿಗೆ ಡಾಕ್ಟರರನ್ನು ಒಮ್ಮೆ ಕಂಡು ರಕ್ತ, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ಪ್ರಾರ್ಥನೆ ಮಾಡಿದರೆ ಸಾಕು, ಡಾಕ್ಟರು ಬೇಡ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕೊಲೊಸ್ಸೆಯವರ ಪತ್ರದಲ್ಲಿ ಪೌಲ ತನ್ನ ಜೊತೆಗಾರ ಲೂಕನನ್ನು ‘ಪ್ರಿಯ ವೈದ್ಯ’ ಎಂದು ಕರೆದಿದ್ದಾನೆ. ಹೋಗುವಾಗ ಗಂಡನನ್ನೂ ಕರೆದುಕೊಂಡು ಹೋಗಿ.